ಕಪ್ ಯಾವ ಮನೆಗೆ?

ಕೊಡವ ಕುಟುಂಬ ಹಾಕಿಯ ಫೈನಲ್ ಹತ್ತಿರ ಬಂತೆಂದರೆ ಕೊಡಗಿನ ಅಂಗಡಿ ಕಟ್ಟೆಗಳಲ್ಲಿ ಬೇರೆ ಮಾತಿಲ್ಲ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದಾಗ ಇದ್ದದ್ದು 60 ತಂಡ. 2024ರಲ್ಲಿ ನಾಪೋಕ್ಲುವಿನಲ್ಲಿ 360! ಕೊನೆಗೆ ಉಳಿಯುವುದು ಮಾತ್ರ ಎರಡೇ ಒಕ್ಕ.

ದೊಡ್ಡ ಒಕ್ಕವೇ ಗೆಲ್ಲುತ್ತೆ ಅನ್ನೋದು ಕಟ್ಟೆ ಪಂಡಿತರ ಲೆಕ್ಕ. ಅಲ್ಲಿ ಆಡುವ ಹುಡುಗರು ಹೆಚ್ಚು. ಒಬ್ಬ ದಣಿದರೆ ಇನ್ನೊಬ್ಬ ಸಿದ್ಧ. ಸಣ್ಣ ಒಕ್ಕಕ್ಕೆ ಆ ಭಾಗ್ಯವಿಲ್ಲ. ಹೊರಗಿನವರನ್ನು ಸೇರಿಸುವಂತಿಲ್ಲವಲ್ಲ! ಅಪ್ಪ, ಮಗಳು, ರಜೆ ಮೇಲೆ ಬಂದ ಸೈನಿಕ, ಇದ್ದವರೇ ಇಳಿಯಬೇಕು. ಹಾಗಂತ ಹಗುರಾಗಿ ಕಾಣುವುದು ಬೇಡ. ಒಂದೇ ಅಂಗಳದಲ್ಲಿ ಆಡಿ ಬೆಳೆದವರಿಗೆ ಪಾಸ್ ಎತ್ತ ಬರುತ್ತೆಂದು ಕೂಗಿ ಹೇಳಬೇಕಿಲ್ಲ. ಮೊದಲ ಹತ್ತು ನಿಮಿಷ ಗೋಲು ಬಿಡದಿದ್ದರೆ ದೊಡ್ಡವರಿಗೂ ಬೆವರಿಳಿದೀತು.

ಸಾರಿಗೆಯವರಿಗೂ ಒಂದು ಮಾತು. ಗೆದ್ದವರು ಹೇಗೂ ಜೀಪು ಹತ್ತಿ ಮೆರವಣಿಗೆ ಹೋಗ್ತಾರೆ. ಬಿಸಿಲಲ್ಲಿ ಕೂತು ಚಪ್ಪಾಳೆ ತಟ್ಟಿದವರು? ಕಪ್ ಕೊಡುವ ಮುನ್ನವೇ ಕೊನೆ ಬಸ್ಸು ಹೊರಟರೆ ಊರು ಸೇರುವುದು ಹೇಗೆ? ಅದೊಂದು ದಿನ ಬಹುಮಾನ ವಿತರಣೆ ಮುಗಿಯುವ ತನಕ ಬಸ್ಸುಗಳು ಕಾಯಲಿ. ಡಿಪೋದವರು ಈಗಲೇ ಹೇಳಿಬಿಟ್ಟರೆ ಅಂಗಡಿಯವರೂ ಬಾಗಿಲು ಹಾಕಿ ಪಂದ್ಯಕ್ಕೆ ಬಂದಾರು.