ಹಾಲು ಉಕ್ಕುವ ದಿನದ ಬೆಲೆ

ಅಹಮದಾಬಾದಿನ ವಟ್ವಾ ಕೈಗಾರಿಕಾ ಪ್ರದೇಶದಲ್ಲಿ ಬೆಳಗಿನ ಪಾಳಿ ಶುರುವಾಗುವ ಹೊತ್ತಿಗೆ ಗಾಳಿಗೆ ಬಣ್ಣದ ಕಾರ್ಖಾನೆಗಳ ಘಾಟು. ಅದನ್ನು ಸೀಳಿಕೊಂಡು ಬರುವುದು ಕಿಟ್ಲಿಯ ಶುಂಠಿ ವಾಸನೆ. ಕಿಟ್ಲಿ ಎಂದರೆ ಇಲ್ಲಿಯವರಿಗೆ ರಸ್ತೆ ಬದಿಯ ಚಹಾದಂಗಡಿ. ಅಂಗಡಿಯವ ಅಮೂಲ್ ಪ್ಯಾಕೆಟ್ಟಿನ ಮೂಲೆಯನ್ನು ಹಲ್ಲಿನಲ್ಲೇ ಹರಿದು ಪಾತ್ರೆಗೆ ಸುರಿಯುತ್ತಾನೆ, ಖಾಲಿಯಾದ ಪ್ಯಾಕೆಟ್ಟಿಗೆ ಒಂದಿಷ್ಟು ನೀರು ಹಾಕಿ ಕುಲುಕಿ ಅದನ್ನೂ ಸುರಿಯುತ್ತಾನೆ. ಕುಡಿಯಲು ನಿಂತವರಲ್ಲಿ ಹೆಚ್ಚಿನವರು ಉತ್ತರಪ್ರದೇಶ, ಬಿಹಾರದ ಕಡೆಯ ಕಾರ್ಮಿಕರು. ಫೇರ್ ಟ್ರೇಡ್, ಅಂದರೆ ಬೆಳೆದವನಿಗೆ ನ್ಯಾಯದ ಬೆಲೆ ಸಿಗುವ ವ್ಯಾಪಾರ, ಎಂಬ ಮಾತು ಅವರ ಕಿವಿಗೆ ಬಿದ್ದಿರಲಾರದು. ಹಾಗಿದ್ದೂ ಒಂದು ಅರ್ಧ ಲೋಟ ಚಹಾದಲ್ಲಿ ಅವರು ಸಣ್ಣ ರೈತನಿಗೆ ಮಾಡುವ ಉಪಕಾರ, ದುಬಾರಿ ಅಂಗಡಿಯಲ್ಲಿ ಆ ಹೆಸರಿನ ಮುದ್ರೆ ನೋಡಿ ಕಾಫಿಪುಡಿ ಕೊಳ್ಳುವವರ ಉಪಕಾರಕ್ಕಿಂತ ಕಡಿಮೆಯದೇನಲ್ಲ.

ರೈತನಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೆ ನ್ಯಾಯ ಸಂದಿತು ಎಂದು ನಾವು ಭಾವಿಸುತ್ತೇವೆ. ನನಗೆ ಅದು ಅರ್ಧ ಮಾತು ಅನ್ನಿಸುತ್ತದೆ. ಮಾಲಿಗೆ ಬರ ಬಂದಾಗ ಹೆಚ್ಚು ಕೊಡಲು ದಲ್ಲಾಳಿಯೂ ತಯಾರಿರುತ್ತಾನೆ. ಮಾಲು ಮಿಕ್ಕು ಹರಿಯುವ ದಿನ ಯಾರ ಬಾಗಿಲು ತೆರೆದಿರುತ್ತದೆ ಎಂಬುದರ ಮೇಲೆ ಎರಡು ಎಮ್ಮೆ ಕಟ್ಟಿಕೊಂಡವರ ಬದುಕು ನಿಂತಿದೆ.

ವಟ್ವಾ ಸ್ಟೇಷನ್ನಿನಿಂದ ವಡೋದರಾ ಕಡೆಗೆ ಹೊರಟರೆ ಮೆಹಮದಾಬಾದ್, ನಡಿಯಾದ್ ದಾಟಿ ಆನಂದ್ ಸಿಗುತ್ತದೆ. 1945ರಲ್ಲಿ ಖೇಡಾ ಜಿಲ್ಲೆಯ ಹಾಲು ಆನಂದಿನಿಂದ ರೈಲಿನಲ್ಲಿ ಮುಂಬಯಿಗೆ ಹೋಗತೊಡಗಿತು. ಕೊಳ್ಳುವ ಹಕ್ಕು ಪೋಲ್ಸನ್ ಕಂಪನಿಯೊಂದಕ್ಕೇ ಇತ್ತು. ಮುಂಬಯಿ ಕೊಟ್ಟ ಹಣ ಹಟ್ಟಿಯ ತನಕ ಬರುತ್ತಿರಲಿಲ್ಲ. ಸರ್ದಾರ್ ಪಟೇಲರ ಸಲಹೆಯಂತೆ 1946ರ ಜನವರಿ 4ರಂದು ಸಮರ್ಖಾದಲ್ಲಿ ಸಭೆ ನಡೆಯಿತು, ಹದಿನೈದು ದಿನ ರೈತರು ಹಾಲು ಹಾಕಲಿಲ್ಲ, ಸರ್ಕಾರ ಮಣಿಯಿತು. ಅದೇ ವರ್ಷದ ಡಿಸೆಂಬರ್ 14ಕ್ಕೆ ತ್ರಿಭುವನದಾಸ್ ಪಟೇಲರ ಮುಂದಾಳುತನದಲ್ಲಿ ಮುಂದೆ ಅಮೂಲ್ ಎಂದು ಹೆಸರಾದ ಹಾಲಿನ ಸಹಕಾರ ಸಂಘ ನೋಂದಣಿಯಾಯಿತು. ಈ ಕಥೆ ಬಹಳ ಜನಕ್ಕೆ ಗೊತ್ತು.

ನನ್ನ ಮಟ್ಟಿಗೆ ನಿಜವಾದ ತಿರುವು ಬಂದದ್ದು 1955ರಲ್ಲಿ. ಚಳಿಗಾಲದಲ್ಲಿ ಎಮ್ಮೆಗಳು ಬೇಸಿಗೆಯ ಎರಡು ಪಟ್ಟಿಗೂ ಮೀರಿ ಹಾಲು ಕೊಡುತ್ತವೆ. ಮುಂಬಯಿಗೆ ಬೇಕಾಗುವ ಹಾಲು ಮಾತ್ರ ಅಷ್ಟೇ. ಮಿಕ್ಕದ್ದನ್ನು ಏನು ಮಾಡಬೇಕು? ಎಮ್ಮೆ ಹಾಲನ್ನು ಪುಡಿ ಮಾಡಲು ಬರುವುದಿಲ್ಲ ಎಂದು ಪರದೇಶದ ಪರಿಣತರು ಹೇಳುತ್ತಿದ್ದ ಕಾಲ. ಸಂಘವನ್ನು ನಡೆಸುತ್ತಿದ್ದ ವರ್ಗೀಸ್ ಕುರಿಯನ್ನರ ಗೆಳೆಯ ಎಚ್.ಎಂ. ದಲಾಯಾ ಅದನ್ನು ಮಾಡಿ ತೋರಿಸಿದರು. 1955ರ ಅಕ್ಟೋಬರ್ 31ರಂದು ನೆಹರೂ ಆನಂದಿನಲ್ಲಿ ಪುಡಿ ಕಾರ್ಖಾನೆ ಉದ್ಘಾಟಿಸಿದರು. ಹಾಲು ಉಕ್ಕಿದ ದಿನವೂ ಸಂಘ 'ತನ್ನಿ' ಎನ್ನುವ ಧೈರ್ಯ ಬಂದದ್ದು ಆ ಯಂತ್ರದಿಂದ. 1948ರಲ್ಲಿ ಎರಡು ಹಳ್ಳಿಗಳ ಸುಮಾರು 250 ಲೀಟರಿನಿಂದ ಹೊರಟ ಸಂಘದ ಸಂತತಿಗೆ ಇವತ್ತು ಗುಜರಾತಿನಲ್ಲಿ ಸುಮಾರು 36 ಲಕ್ಷ ಸದಸ್ಯರು. ಗ್ರಾಹಕ ಕೊಡುವ ರೂಪಾಯಿಯಲ್ಲಿ ಎಂಬತ್ತು ಪೈಸೆಯ ಆಸುಪಾಸು ಅವರಿಗೆ ಹೋಗುತ್ತದೆ ಎಂಬುದು ಅಮೂಲ್‌ನವರದೇ ಲೆಕ್ಕ.

ನಮ್ಮಮ್ಮನೂ ಕರ್ನಾಟಕದ ನಮ್ಮೂರಲ್ಲಿ ಡೇರಿಗೆ ಹಾಲು ಹಾಕುತ್ತಿದ್ದಳು. ಸೆಕ್ರೆಟರಿ ಹಾಲಿನ ಸ್ಯಾಂಪಲ್ ತೆಗೆದು, ಫ್ಯಾಟ್ ನೋಡಿ, ಪಾಸ್‌ಬುಕ್ಕಿನಲ್ಲಿ ಬರೆದುಕೊಡುತ್ತಿದ್ದ. ಸಾಹುಕಾರನ ಹಸುವಿಗೂ ನಮ್ಮ ಹಸುವಿಗೂ ಒಂದೇ ಅಳತೆ. ಅಮ್ಮ ಫ್ಯಾಟಿನ ಬಗ್ಗೆ ಜಗಳ ಆಡದ ವಾರವಿರಲಿಲ್ಲ, ಬಟವಾಡೆಯ ದಿನ ಮಾತ್ರ ಎಲ್ಲ ಮರೆಯುತ್ತಿದ್ದಳು. ದರ ಇಳಿಸಿದ್ದುಂಟು. ಕ್ಯಾನನ್ನು ಹಾಗೇ ತಿರುಗಿಸಿ ಕಳಿಸಿದ್ದು ನನಗೆ ನೆನಪಿಲ್ಲ. ಮುಂದೆ ಕರ್ನಾಟಕದಲ್ಲಿ ಹಾಲು ಮಿತಿಮೀರಿದಾಗ, 2013ರಲ್ಲಿ ಕ್ಷೀರಭಾಗ್ಯ ಯೋಜನೆ ಬಂತು. ಮಿಕ್ಕ ಹಾಲು ಪುಡಿಯಾಗಿ ಶಾಲೆಯ ಮಕ್ಕಳ ಲೋಟ ಸೇರಿತು.

ದಕ್ಷಿಣ ಕನ್ನಡ, ಕಾಸರಗೋಡಿನ ತೋಟದವರಿಗೆ ಮಿಕ್ಕ ಮಾಲಿಗೂ ಬಾಗಿಲು ಬೇಕೆಂಬ ಇದೇ ಮಾತನ್ನು ಕೊಕ್ಕೋ ಕಲಿಸಿತು. ಅಡಿಕೆಯ ನಡುವೆ ಕೊಕ್ಕೋ ನೆಡಿ ಎಂಬ ಉಪದೇಶ ಕೇಳಿ ನೆಟ್ಟರು. 1979-80ರ ಹೊತ್ತಿಗೆ ಜಗತ್ತಿನ ಮಾರುಕಟ್ಟೆ ಬಿತ್ತು, ಕೊಳ್ಳುತ್ತಿದ್ದವರು ಹಿಂದೆ ಸರಿದರು. ಕೊಕ್ಕೋದ ಹಸಿ ಬೀಜ ಅಡಿಕೆಯ ಹಾಗೆ ಅಟ್ಟದ ಮೇಲೆ ಕಾಯುತ್ತ ಕೂರುವುದಿಲ್ಲ. ಆಗ ಅಡಿಕೆಗೆಂದು 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರು ಕಟ್ಟಿದ್ದ ಸಹಕಾರ ಸಂಘ ಕ್ಯಾಂಪ್ಕೊ, ಕೊಕ್ಕೋ ಕೊಳ್ಳಲು ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೂ ತೆರೆಯಿತು. ಚಾಕೊಲೇಟ್ ಕೊಳ್ಳುವ ಮಗು ಇಲ್ಲದಿದ್ದರೆ ಆ ಧೈರ್ಯವೆಲ್ಲ ಗೋದಾಮಿನಲ್ಲಿ ಮುಗ್ಗಲು ಹಿಡಿಯುತ್ತಿತ್ತು. ಕೊಳ್ಳುವವರ ಪಾಲು ಇರುವುದು ಅಲ್ಲಿ: ದಿನಾ ಕೊಳ್ಳುವುದರಲ್ಲಿ.

ಫೇರ್ ಟ್ರೇಡ್ ಮುದ್ರೆಯ ಒಳಗುಟ್ಟೂ ಬೇರೆಯೇನಲ್ಲ. ಮೆಕ್ಸಿಕೋದ ಸಣ್ಣ ಬೆಳೆಗಾರರ ಕಾಫಿಗೆಂದು 1988ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ ಮ್ಯಾಕ್ಸ್ ಹ್ಯಾವಲಾರ್ ಮುದ್ರೆ ಹುಟ್ಟಿತು. ಮರುವರ್ಷವೇ ಅಂತರರಾಷ್ಟ್ರೀಯ ಕಾಫಿ ಒಪ್ಪಂದ ಮುರಿದು ದರ ಕುಸಿಯಿತು. ಮುದ್ರೆಯ ಜೊತೆಗಿದ್ದ ಕನಿಷ್ಠ ದರದ ಕರಾರು ಕೆಲಸಕ್ಕೆ ಬಂದದ್ದು ಆಗ. ದರ ಏರಿದ ವರ್ಷ ಆ ಕರಾರಿನಿಂದ ಹೆಚ್ಚಿನ ಲಾಭವಿಲ್ಲ, ಸಂಘದ ಕೆಲಸಕ್ಕೆಂದು ಬರುವ ಹೆಚ್ಚುವರಿ ಹಣವಷ್ಟೇ. ಮುದ್ರೆ ಪಡೆಯಲು ಸಂಘಗಳು ಶುಲ್ಕ ತೆರಬೇಕು, ಬೆಳೆದದ್ದೆಲ್ಲ ಆ ಮುದ್ರೆಯಲ್ಲೇ ಮಾರಾಟವಾಗುವ ಖಾತರಿಯೂ ಇಲ್ಲ. ಹಾಗೆಂದು ತಳ್ಳಿಹಾಕುವುದು ತಪ್ಪು. ಹೊರನಾಡಿನ ಗ್ರಾಹಕನಿಗೂ ಕೊಡಗಿನ ಗುಡ್ಡದವನಿಗೂ ನಡುವೆ ಡೇರಿ ಇಲ್ಲವಲ್ಲ, ಮುದ್ರೆಯೇ ಡೇರಿಯ ಕೆಲಸ ಮಾಡಬೇಕು.

ಸಹಕಾರವನ್ನು ದೇವರ ಪಟ ಮಾಡಿ ನೇತುಹಾಕುವುದೂ ಬೇಡ. ಹಾಲು ಕರೆಯುವವಳು ಹೆಂಗಸು, ಸದಸ್ಯನ ಹೆಸರು ಗಂಡನದು ಎಂಬುದು ಎಷ್ಟೋ ಊರುಗಳ ಮಾತು. ಸಂಘದ ಕುರ್ಚಿಗಾಗಿ ನಡೆಯುವ ರಾಜಕೀಯ ಎಲ್ಲರಿಗೂ ಗೊತ್ತು. ಹುಲ್ಲು ಹೊರುವ ಕೂಲಿಗೆ ಇದರಲ್ಲಿ ಪಾಲಿಲ್ಲ.

ಇಷ್ಟಾದರೂ ಹಾಲಿನವರು ಪುಣ್ಯವಂತರು ಎನ್ನಿಸುವುದು ಟೊಮ್ಯಾಟೊ ನೋಡಿದಾಗ. ಕೋಲಾರದ ಮಂಡಿಯಲ್ಲಿ ಹದಿನೈದು ಕಿಲೋದ ಬಾಕ್ಸ್ 2023ರ ಜುಲೈನಲ್ಲಿ ಎರಡು ಸಾವಿರ ರೂಪಾಯಿ ದಾಟಿತ್ತು. ಆಗ ದೇಶವೆಲ್ಲ ಬೊಬ್ಬೆ ಹೊಡೆಯಿತು. ಕಿತ್ತ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆಗೆ ಸುರಿಯುವ ವರ್ಷಗಳಲ್ಲಿ ಪಟ್ಟಣಗಳು ಅಗ್ಗಕ್ಕೆ ಸಾರು ಮಾಡಿಕೊಂಡು ಉಣ್ಣುತ್ತವೆ. ಬೇಡ ಎನ್ನದೆ ಕೊಳ್ಳುವ ಕಾರ್ಖಾನೆ ಟೊಮ್ಯಾಟೊಗೆ ಇನ್ನೂ ಹುಟ್ಟಿಲ್ಲ. ಬೆಂಗಳೂರಿನಲ್ಲಿ ಇರುವುದು 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಂಘವಾಗಿ ಆರಂಭವಾಗಿ, ಈಗ ಹಣ್ಣು ತರಕಾರಿ ಮಾರುವ ಬೆಳೆಗಾರರ ಸಹಕಾರ ಸಂಘ ಹಾಪ್‌ಕಾಮ್ಸ್. ಅದರ ಮಳಿಗೆ ನಿಮ್ಮ ಬೀದಿಯಲ್ಲಿ ಇನ್ನೂ ತೆರೆದಿದ್ದರೆ, ದರ ಬಿದ್ದ ವಾರವೂ ಚೀಲ ಹಿಡಿದು ಅಲ್ಲಿಗೇ ಹೋಗಿ.