ಚುನಾವಣಾ ಸಂಕಥನದಲ್ಲಿ ‘ಅವರು’

ಪ್ರಜಾಪ್ರಭುತ್ವದಲ್ಲಿ ಅಭ್ಯರ್ಥಿಯ ಮಾತು ಮೂಲತಃ ಮಧ್ಯಮ ಪುರುಷದ ಮಾತು. ಮತ ಯಾಚಿಸುವವನು ‘ನೀವು’ ಎಂದೇ ತೊಡಗಬೇಕು. ಅದೇ ಅಭ್ಯರ್ಥಿ ಮತದಾರರ ಒಂದು ಭಾಗವನ್ನು ‘ಅವರು’ ಎಂದು ಬೇರ್ಪಡಿಸಿ ಅವರ ಸ್ವಭಾವವನ್ನು ನಿರ್ಣಯಿಸುವುದು ಯಾವಾಗ, ಯಾರ ಎದುರಿನಲ್ಲಿ ಎಂಬುದು ರಾಜ್ಯಶಾಸ್ತ್ರಕ್ಕೆ ಮಾತ್ರ ಸೇರಿದ ಪ್ರಶ್ನೆಯಲ್ಲ. ಭಾಷಾಧ್ಯಯನದ ಪ್ರಶ್ನೆಯೂ ಹೌದು. ಅಮೆರಿಕದ ಅಧ್ಯಕ್ಷೀಯ ಚುನಾವಣೆಗಳು ಇದಕ್ಕೆ ಸ್ಪಷ್ಟವಾದ ನಿದರ್ಶನಗಳನ್ನು ಒದಗಿಸುತ್ತವೆ.

2008ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬರಾಕ್ ಒಬಾಮ, ಉದ್ಯೋಗ ಕಳೆದುಕೊಂಡ ಸಣ್ಣ ಊರುಗಳ ಜನ ಕಹಿಗೊಂಡು ಬಂದೂಕಿಗೆ, ಧರ್ಮಕ್ಕೆ, ತಮ್ಮಂತಲ್ಲದವರ ಮೇಲಿನ ದ್ವೇಷಕ್ಕೆ ಜೋತುಬೀಳುತ್ತಾರೆ ಎಂಬರ್ಥದ ಮಾತನ್ನಾಡಿದರು. 2012ರ ಮೇ ತಿಂಗಳಲ್ಲಿ ಫ್ಲಾರಿಡಾದಲ್ಲಿ ಮಿಟ್ ರಾಮ್ನಿ, ಶೇ. 47ರಷ್ಟು ಜನ ಸರ್ಕಾರವನ್ನು ಅವಲಂಬಿಸಿದವರು, ಅವರ ಬಗ್ಗೆ ಚಿಂತಿಸುವುದು ತಮ್ಮ ಕೆಲಸವಲ್ಲ ಎಂದರು. 2016ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಹಿಲರಿ ಕ್ಲಿಂಟನ್, ಡೊನಾಲ್ಡ್ ಟ್ರಂಪ್ ಬೆಂಬಲಿಗರಲ್ಲಿ ಅರ್ಧದಷ್ಟು ಜನರನ್ನು ‘ಶೋಚನೀಯರ ಬುಟ್ಟಿ’ಗೆ ಹಾಕಬಹುದೆಂದರು. ಈ ಮೂರು ಮಾತುಗಳೂ ಹುಟ್ಟಿದ್ದು ದೇಣಿಗೆದಾರರ ಸಭೆಗಳಲ್ಲಿ. ಅಲ್ಲಿ ‘ನಾವು’ ಎಂದರೆ ಹಣ ಕೊಟ್ಟವರು; ‘ಅವರು’ ಎಂದರೆ ಅಲ್ಲಿಲ್ಲದವರು.

ಇಲ್ಲಿ ಅಂಕಿಗಳು ನಿರ್ವಹಿಸುವ ಪಾತ್ರ ಗಮನಾರ್ಹವಾದುದು. ರಾಮ್ನಿಯವರ 47 ಎಂಬುದು ಸಂಯುಕ್ತ ಸರ್ಕಾರದ ಆದಾಯ ತೆರಿಗೆ ಕಟ್ಟದವರ ಪ್ರಮಾಣವನ್ನು ಕುರಿತದ್ದು. ಅವರಲ್ಲಿ ಹೆಚ್ಚಿನವರು ಸಂಬಳದಿಂದ ಬೇರೊಂದು ತೆರಿಗೆ ಕಟ್ಟುತ್ತಿದ್ದ ಕಡಿಮೆ ವರಮಾನದ ದುಡಿಮೆಗಾರರು ಮತ್ತು ವೃದ್ಧರು. ತೆರಿಗೆಯ ಲೆಕ್ಕದಲ್ಲಿದ್ದ ಅಂಕಿಯೊಂದು ಮಾತಿನಲ್ಲಿ ಶೀಲದ ಅಂಕಿಯಾಯಿತು. ಕ್ಲಿಂಟನ್ ಮರುದಿನವೇ ವಿಷಾದ ವ್ಯಕ್ತಪಡಿಸಿದರಾದರೂ ಆ ವಿಷಾದ ‘ಅರ್ಧ’ ಎಂಬ ಪದಕ್ಕೆ ಸೀಮಿತವಾಗಿತ್ತು. ಎಣಿಕೆ ತಪ್ಪಿತೇ ಹೊರತು ಬುಟ್ಟಿ ತಪ್ಪೆನಿಸಲಿಲ್ಲ.

ಒಬಾಮ ಮತ್ತು ಕ್ಲಿಂಟನ್ ಅದೇ ಭಾಷಣಗಳಲ್ಲಿ ಆ ಜನರ ಆರ್ಥಿಕ ಸಂಕಷ್ಟವನ್ನೂ ಪ್ರಸ್ತಾಪಿಸಿದ್ದರು, ಅದನ್ನು ಕಡೆಗಣಿಸುವುದು ನ್ಯಾಯವಲ್ಲ. ಆದರೆ ಅನುಕಂಪವೂ ಉತ್ತಮರ ಸ್ಥಾನದಿಂದಲೇ ಬರಬಹುದು. ಒಬ್ಬನ ನಂಬಿಕೆಯನ್ನು ಅವನ ಕಷ್ಟದ ರೋಗಲಕ್ಷಣವೆಂದು ವಿವರಿಸಿದೊಡನೆ ಅವನೊಡನೆ ವಾದ ಮಾಡುವ ಅಗತ್ಯ ತಪ್ಪಿಹೋಗುತ್ತದೆ. ಟ್ರಂಪ್ ಬೆಂಬಲಿಗರಲ್ಲಿ ಅನೇಕರು ಆ ಬೈಗುಳವನ್ನೇ ಅಂಗಿಯ ಮೇಲೆ ಮುದ್ರಿಸಿಕೊಂಡು ಬಿರುದಾಗಿ ಧರಿಸಿದ್ದು ಈ ನಿರಾಕರಣೆಗೆ ಕೊಟ್ಟ ಉತ್ತರವೇ ಆಗಿದೆ.

ಹಾಗಾದರೆ ಜನಾಂಗದ್ವೇಷವನ್ನು ಕಂಡೂ ಅಭ್ಯರ್ಥಿ ಮೌನವಾಗಿರಬೇಕೆ? ಖಂಡಿತ ಇಲ್ಲ. ಕೃತ್ಯವನ್ನು, ಘೋಷಣೆಯನ್ನು, ನೀತಿಯನ್ನು ಹೆಸರಿಸಿ ಖಂಡಿಸುವುದು ಅವನ ಕರ್ತವ್ಯ. ಆದರೆ ಕ್ರಿಯಾಪದಕ್ಕೆ ಸಲ್ಲಬೇಕಾದ ಟೀಕೆಯನ್ನು ನಾಮಪದಕ್ಕೆ ವರ್ಗಾಯಿಸಿದಾಗ ಮನುಷ್ಯನಿಗೆ ಬದಲಾಗುವ ಅವಕಾಶವೇ ಉಳಿಯುವುದಿಲ್ಲ.

ಇನ್ನೊಂದು ನಿದರ್ಶನ ಇದಕ್ಕಿಂತ ಕಠೋರವಾದುದು. 2015ರ ಜೂನ್ 16ರಂದು ತಮ್ಮ ಉಮೇದುವಾರಿಕೆಯನ್ನು ಪ್ರಕಟಿಸುತ್ತ ಟ್ರಂಪ್, ಮೆಕ್ಸಿಕೋದಿಂದ ಬರುವವರನ್ನು ಅಪರಾಧಿಗಳೆಂದು, ಅತ್ಯಾಚಾರಿಗಳೆಂದು ಬಣ್ಣಿಸಿ, ಕೆಲವರು ಒಳ್ಳೆಯವರಿರಬಹುದು ಎಂದು ಸೇರಿಸಿದರು. ಒಳ್ಳೆಯತನ ಇಲ್ಲಿ ಅಪವಾದವಾಯಿತು. ಇದು ದೇಣಿಗೆದಾರರ ಕೂಟದ ಮಾತಲ್ಲ, ಕ್ಯಾಮೆರಾಗಳ ಎದುರಿನ ಘೋಷಣೆ. ಮತವುಳ್ಳವರ ಮೇಲಿನ ತಾತ್ಸಾರ ಆಪ್ತರ ನಡುವೆ ಹೊರಬಿದ್ದರೆ, ಮತವಿಲ್ಲದ ವಲಸಿಗರ ಮೇಲಿನ ತಾತ್ಸಾರ ಬಹಿರಂಗ ಪ್ರಚಾರದ ಬಂಡವಾಳವಾಗುತ್ತದೆ.

ಭಾರತದಲ್ಲಿ 1951ರ ಜನಪ್ರಾತಿನಿಧ್ಯ ಕಾಯ್ದೆಯ 123(3ಎ) ಉಪಕಲಮು ಧರ್ಮ, ಜನಾಂಗ, ಜಾತಿ, ಸಮುದಾಯ, ಭಾಷೆಗಳ ಆಧಾರದ ಮೇಲೆ ಚುನಾವಣೆಯಲ್ಲಿ ವೈರ ಬೆಳೆಸುವುದನ್ನು ಭ್ರಷ್ಟ ಆಚರಣೆಯೆಂದು ಪರಿಗಣಿಸುತ್ತದೆ. ಆದರೆ ‘ತೆರಿಗೆ ಕಟ್ಟದವರು’, ‘ಇಂಥವರ ಬೆಂಬಲಿಗರು’ ಎಂಬ ವರ್ಗೀಕರಣಗಳು ಈ ಪಟ್ಟಿಯಲ್ಲಿಲ್ಲ. ಕಾನೂನು ತಲುಪದ ಎಡೆಯನ್ನು ಭಾಷಾವಿವೇಕವೇ ಕಾಯಬೇಕು.

ತುಳುವಿನಲ್ಲಿ ಕೇಳುಗನನ್ನು ಹೊರಗಿಡುವ ‘ಎಂಕುಳು’, ಒಳಗೊಳ್ಳುವ ‘ನಮ’ ಎಂಬ ಎರಡು ರೂಪಗಳಿವೆ. ಇಂದಿನ ಕನ್ನಡದ ‘ನಾವು’ ಎರಡಕ್ಕೂ ಒದಗುತ್ತದೆ. ಆದ್ದರಿಂದ ಕನ್ನಡದ ಚುನಾವಣಾ ಭಾಷಣವನ್ನು ಕೇಳುವವರು ಪ್ರತಿ ‘ನಾವು’ವಿನ ಹೊರಗೆ ಯಾರು ಉಳಿದರೆಂದು ಗುರುತಿಸಬೇಕಾಗುತ್ತದೆ. ಸರ್ವನಾಮವನ್ನು ವ್ಯಾಕರಣದ ಪಾಠವಾಗಿ ಬೋಧಿಸುವ ತರಗತಿಗಳು ಅದನ್ನು ಪೌರತ್ವದ ಪಾಠವಾಗಿಯೂ ಬೋಧಿಸುವುದು ಅಗತ್ಯ.