ಮಣ್ಣು ಎಷ್ಟು ಕಮ್ಮಿ ಸರಿಸಿದ್ರಿ?

ಮೂರು ವಾರದಿಂದ ನಮ್ಮ ಹಾಸ್ಟೆಲ್ ರೂಮಿನಲ್ಲಿ ಒಂದು ವಿಚಿತ್ರ ಜಗಳ ನಡೀತಿದೆ. ಈಗಿನ ಕಾಲದ ಗಾಲ್ಫ್ ಕೋರ್ಸ್‌ಗಳಲ್ಲಿ ಯಾವುದರ ವಿನ್ಯಾಸ ಎಲ್ಲಕ್ಕಿಂತ ಚೆನ್ನಾಗಿದೆ? ಜಗಳ ಆಡ್ತಿರೋ ಮೂವರಲ್ಲಿ ಒಬ್ಬನೂ ಗಾಲ್ಫ್ ಕೋಲು ಕೈಯಲ್ಲಿ ಹಿಡಿದವನಲ್ಲ. ಶಿಕಾರಿಪುರದ ಮೆಕ್ಯಾನಿಕಲ್ ಗೆಳೆಯ ಮೊಬೈಲ್‌ನಲ್ಲಿ ಗಾಲ್ಫ್ ಗೇಮ್ ಆಡ್ತಾನೆ. ಬೆಂಗಳೂರಿನ ಕಂಪ್ಯೂಟರ್ ಸೈನ್ಸ್‌ನವನು ರಾತ್ರಿ ಮೆಸ್ಸಿಂದ ಬಂದವನೇ ಡ್ರೋನ್ ವಿಡಿಯೋ ಹಾಕ್ಕೊಂಡು ಕೂರ್ತಾನೆ. ನಾನು ಸೊರಬದ ಕಡೆಯವನು, ಸಿವಿಲ್. ಕಾಂಟೂರ್ ಮ್ಯಾಪ್ ಕಂಡರೆ ಬಾಯಿ ಹಾಕದೆ ಇರೋಕೆ ನನಗೆ ಆಗಲ್ಲ.

ಕ್ರಿಕೆಟ್ ಪಿಚ್ ಎಲ್ಲಿ ಹೋದರೂ 22 ಗಜ. ಗಾಲ್ಫ್ ಹಾಗಲ್ಲ. ಕುಳಿಯ ಅಗಲ 108 ಮಿಲಿಮೀಟರ್ ಅಂತ ನಿಗದಿಯಾಗಿದೆ, ಕುಳಿಗಳು 18. ಉಳಿದದ್ದು ಬಹುಪಾಲು ವಿನ್ಯಾಸಕನಿಗೆ ಬಿಟ್ಟದ್ದು. ನೂರಾರು ಎಕರೆ ನೆಲ ಕೊಟ್ಟು, ಇದರಲ್ಲಿ ಆಟ ಹುಡುಕು ಅಂದ ಹಾಗೆ. ಹಾಗಾಗಿ ಇದು ಆಟದ ಪ್ರಶ್ನೆಗಿಂತ ನಮ್ಮ ಸರ್ವೇಯಿಂಗ್ ಕ್ಲಾಸಿನ ಪ್ರಶ್ನೆ ಅಂತ ನನ್ನ ವಾದ.

ಮೆಕ್ಯಾನಿಕಲ್‌ನವನ ವೋಟು ಫ್ಲಾರಿಡಾದ ಟಿಪಿಸಿ ಸಾಗ್ರಾಸ್‌ಗೆ. ಪೀಟ್ ಡೈ ಅದನ್ನು ಜೌಗು ನೆಲದಲ್ಲಿ ಕಟ್ಟಿದ್ದು, ತೆರೆದದ್ದು 1980ರಲ್ಲಿ. ಅದರ 17ನೇ ಕುಳಿ ನೀರಿನ ನಡುವಿನ ದ್ವೀಪದಲ್ಲಿದೆ. ಮಜಾ ಏನಂದ್ರೆ ಮೊದಲು ಆ ಯೋಚನೆಯೇ ಇರಲಿಲ್ಲ. ಅಲ್ಲಿ ಒಳ್ಳೆ ಮರಳು ಸಿಕ್ಕಿತು, ಬೇರೆ ಕಡೆಗೆ ಬೇಕು ಅಂತ ತೋಡ್ತಾ ಹೋದರು, ದೊಡ್ಡ ಗುಂಡಿ ಆಯ್ತು. ನೀರು ಬಿಟ್ಟು ದ್ವೀಪ ಮಾಡೋಣ ಅಂದದ್ದು ಡೈ ಅವರ ಹೆಂಡತಿ ಆಲಿಸ್. ಅವರೂ ವಿನ್ಯಾಸಕಿಯೇ. ಇದು ನನಗೂ ಇಷ್ಟ, ಜಗಳ ಇಲ್ಲ.

ಜಗಳ ಇರೋದು ಶ್ಯಾಡೋ ಕ್ರೀಕ್ ಬಗ್ಗೆ. ಲಾಸ್ ವೇಗಸ್ ಪಕ್ಕದ ಚಪ್ಪಟೆ ಮರುಭೂಮಿಯಲ್ಲಿ ಟಾಮ್ ಫಾಜಿಯೋ 1989ರಲ್ಲಿ ಕಾಡು, ತೊರೆ, ದಿಣ್ಣೆ ಎಲ್ಲವನ್ನೂ ಸೃಷ್ಟಿ ಮಾಡಿದ. ನೆಲ ತೋಡಿ ಸುತ್ತ ಒಡ್ಡು ಹಾಕಿದ್ದರಿಂದ ಒಳಗೆ ನಿಂತರೆ ಹೊರಗಿನ ಮರಳುಗಾಡು ಕಾಣೋದೇ ಇಲ್ಲವಂತೆ. ಸಾವಿರಾರು ಮರ ಹೊರಗಿಂದ ತಂದು ನೆಟ್ಟರು. "ಏನೂ ಇಲ್ಲದ ಕಡೆ ಎಲ್ಲ ಮಾಡೋದೇ ಎಂಜಿನಿಯರಿಂಗ್ ಮಚ್ಚಾ" ಅಂತ ಬೆಂಗಳೂರಿನವನು.

ನನ್ನ ವೋಟು ನೆಬ್ರಾಸ್ಕಾದ ಸ್ಯಾಂಡ್ ಹಿಲ್ಸ್‌ಗೆ. 1995ರಲ್ಲಿ ತೆರೆದದ್ದು. ಬಿಲ್ ಕೂರ್ ಮತ್ತು ಬೆನ್ ಕ್ರೆನ್‌ಶಾ ಅಲ್ಲಿ ತಿಂಗಳುಗಟ್ಟಲೆ ನಡೆದಾಡಿದರು. ಗಾಳಿ ತಾನೇ ಮಾಡಿಟ್ಟಿದ್ದ ಮರಳು ದಿಬ್ಬಗಳಲ್ಲಿ ನೂರಕ್ಕೂ ಹೆಚ್ಚು ಕುಳಿಗಳ ಜಾಗ ಗುರುತು ಮಾಡಿ, ಅದರಿಂದ 18 ಆರಿಸಿದರು. ಸರಿಸಿದ ಮಣ್ಣು ತೀರಾ ಕಡಿಮೆ. ಅಮೆರಿಕದ ಗಾಲ್ಫ್ ಸಂಸ್ಥೆಯ ಪದ್ಧತಿ ಪ್ರಕಾರ ಗ್ರೀನ್ ಕಟ್ಟಬೇಕಾದರೆ ಕೆಳಗೆ 10 ಸೆಂಟಿಮೀಟರ್ ಜಲ್ಲಿ, ಮೇಲೆ 30 ಸೆಂಟಿಮೀಟರ್ ಮರಳುಮಿಶ್ರಣ ಹಾಕಬೇಕು, ನೀರು ಬಸಿಯೋಕೆ. ಇಲ್ಲಿ ಇಡೀ ನೆಲವೇ ಮರಳು, ಆ ಕೆಲಸವನ್ನು ನೆಲವೇ ಮಾಡುತ್ತೆ. ನನ್ನ ಅಳತೆಗೋಲು ಇಷ್ಟೇ: ನೆಲ ಓದೋಕೆ ಎಷ್ಟು ದಿನ ಕೊಟ್ರಿ, ಮಣ್ಣು ಎಷ್ಟು ಕಮ್ಮಿ ಸರಿಸಿದ್ರಿ?

"ನಿಮ್ಮೂರಲ್ಲಿ ಗಾಲ್ಫ್ ಎಲ್ಲಿದೆ ಅಂತ ಇಷ್ಟು ಮಾತಾಡ್ತೀಯ ಮಾರಾಯ?" ಅಂದ ಶಿಕಾರಿಪುರದವನು.

ಗಾಲ್ಫ್ ಇಲ್ಲ. ಆದರೆ ಈ ಅಳತೆಗೋಲು ನನಗೆ ಸಿಕ್ಕಿದ್ದು ಊರಿನಿಂದಲೇ. ಸೊರಬ, ಶಿಕಾರಿಪುರದ ಯಾವ ಹಳ್ಳಿಗೆ ಹೋದರೂ ಒಂದು ಕೆರೆ, ಕೆಲವು ಕಡೆ ಎರಡು ಮೂರು. ಎರಡು ಗುಡ್ಡ ಹತ್ತಿರ ಬರುವ ಕಡೆ ಗಿಡ್ಡ ಏರಿ ಹಾಕಿದರೆ ಹಿಂದೆ ಅಗಲಕ್ಕೆ ನೀರು ನಿಲ್ಲುತ್ತೆ. ಅಂಥ ಜಾಗ ಹುಡುಕೋದೇ ಅರ್ಧ ಕೆಲಸ. ಶಿಕಾರಿಪುರದ ಗಡಿ ದಾಟಿದರೆ ಸಿಗುವ ಮದಗ-ಮಾಸೂರು ಕೆರೆ ನೋಡಿ. ಕುಮುದ್ವತಿ ಗುಡ್ಡಗಳ ಸಂದಿಯಲ್ಲಿ ಹಾಯುವ ಕಡೆ ವಿಜಯನಗರದ ಕಾಲದವರು ಏರಿ ಕಟ್ಟಿದರು. ಇನ್ನೂ ಹಿಂದಕ್ಕೆ ಹೋಗಬೇಕಾ? ಶಿಕಾರಿಪುರ ತಾಲೂಕಿನ ತಾಳಗುಂದದ ಸ್ತಂಭ ಶಾಸನವನ್ನು ನಾವು ಕದಂಬರ ವಂಶದ ಕತೆಗಾಗಿ ಪಾಠದಲ್ಲಿ ಓದಿದ್ದೀವಿ. 5ನೇ ಶತಮಾನದ ಆ ಕಂಬ ನಿಲ್ಲಿಸಿದ್ದು ಕಾಕುತ್ಸ್ಥವರ್ಮ ಅಲ್ಲೊಂದು ಕೆರೆ ಕಟ್ಟಿಸಿದ ಅಂತ ಹೇಳೋಕೆ. ಪರೀಕ್ಷೆಯಲ್ಲಿ ಮಯೂರವರ್ಮ ಬರ್ತಾನೆ, ಕೆರೆ ಬರಲ್ಲ.

ಒಂದು ಕೆರೆಯ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಇನ್ನೊಂದಕ್ಕೆ, ಕೊನೆಗೆ ದಂಡಾವತಿಗೋ ವರದೆಗೋ. ಮೇಲೆ ಕಾನು ಇದ್ದರೆ ಮಳೆ ನಿಂತ ಮೇಲೂ ಒರತೆ ಇರುತ್ತೆ. ಸೊರಬದ ಕಾನುಗಳ ಮೇಲೆ ಬ್ರಾಂಡಿಸ್ ಮತ್ತು ಗ್ರಾಂಟ್ 1868ರಲ್ಲೇ ಪ್ರತ್ಯೇಕ ವರದಿ ಬರೆದಿದ್ದರು. ತೂಬು, ಕೋಡಿ, ಏರಿ, ಈ ಮೂರರ ಮಟ್ಟ ಒಂದಕ್ಕೊಂದು ಹೊಂದಿದ್ದರೆ ಪಂಪು ಬೇಡ, ಕರೆಂಟು ಬೇಡ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಕೆರೆಯಂಗಳದ ಇಳಿಜಾರಿನಲ್ಲಿ ದನ ಮೇಯ್ತಾವೆ, ನಾವು ಅಲ್ಲೇ ಕ್ರಿಕೆಟ್ ಆಡಿ ಬೆಳೆದದ್ದು.

ನನ್ನ ವಾದಕ್ಕೆ ಎದುರುವಾದ ಗಟ್ಟಿಯಾಗೇ ಇದೆ, ಒಪ್ಪಿಕೊಳ್ತೀನಿ. ಸ್ಯಾಂಡ್ ಹಿಲ್ಸ್‌ನಂಥ ನೆಲ ಎಲ್ಲರಿಗೂ ಸಿಗಲ್ಲ. ಚಪ್ಪಟೆ ನೆಲ ಸಿಕ್ಕವನು ಮಣ್ಣು ಸರಿಸದೆ ಏನು ಮಾಡಬೇಕು? ಮತ್ತೆ ಸ್ಯಾಂಡ್ ಹಿಲ್ಸ್ ಖಾಸಗಿ ಕ್ಲಬ್ಬು, ನನ್ನಂಥವನನ್ನು ಗೇಟಿನ ಒಳಗೂ ಬಿಡಲ್ಲ. ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಆದರೆ "ಏನೂ ಇಲ್ಲದ ಕಡೆ" ಅನ್ನೋ ಮಾತು ಮಾತ್ರ ನನಗೆ ಭಯ ಹುಟ್ಟಿಸುತ್ತೆ.

ಯಾಕೆ ಅಂದ್ರೆ, ಇಂಟರ್ನ್‌ಶಿಪ್‌ಗೆ ಬೆಂಗಳೂರಿಗೆ ಹೋದಾಗ ದೊಮ್ಮಲೂರು ಕಡೆ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಹಸಿರನ್ನು ಹೊರಗಿಂದ ನೋಡಿದ್ದೆ. ಬ್ರಿಟಿಷ್ ಓಪನ್ ಐದು ಸಲ ಗೆದ್ದ ಆಸ್ಟ್ರೇಲಿಯಾದ ಪೀಟರ್ ಥಾಮ್ಸನ್ ವಿನ್ಯಾಸ. ಆಡುವವರು ಹೊಗಳ್ತಾರೆ, ನನಗೂ ಕಣ್ಣಿಗೆ ತಂಪಾಯ್ತು. ಆಮೇಲೆ ಗೊತ್ತಾಯ್ತು, ಅದು ಚಲ್ಲಘಟ್ಟ ಕೆರೆ ಇದ್ದ ಜಾಗ. ಕೆರೆಯ ಹೆಸರು ಈಗಲೂ ಕೆ.ಸಿ. ವ್ಯಾಲಿಯಲ್ಲಿ ಉಳಿದಿದೆ: ಕೋರಮಂಗಲ-ಚಲ್ಲಘಟ್ಟ ಕಣಿವೆ. ಆ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ, ಪಂಪು ಮಾಡಿ 2018ರಿಂದ ಕೋಲಾರದ ಕೆರೆಗಳನ್ನು ತುಂಬಿಸ್ತಿದ್ದಾರೆ. ತನ್ನದೇ ಕೆರೆ ಇಲ್ಲದ ಕಣಿವೆಯಿಂದ ಬೇರೆ ಜಿಲ್ಲೆಯ ಕೆರೆಗಳಿಗೆ ನೀರು! ಕೋರ್ಸ್ ಚೆನ್ನಾಗಿದೆ ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಅದಕ್ಕೆ ಮಾರ್ಕ್ಸ್ ಹಾಕೋವಾಗ 18 ಕುಳಿ ಮಾತ್ರ ನೋಡಿದರೆ ಸಾಕಾ?

ಈಗ ನಮ್ಮೂರ ಕೆರೆ. ಎರಡು ವರ್ಷದ ಹಿಂದೆ ಅದಕ್ಕೆ "ಅಭಿವೃದ್ಧಿ" ಬಂತು. ಹೂಳು ತೆಗೆಯಬೇಕಿತ್ತು, ನಿಜ. ಆದರೆ ಜೆಸಿಬಿ ಬಂದು ಕೆರೆಯಂಗಳವನ್ನು ಬಾಣಲೆ ಥರ ತೋಡಿತು. ತೆಗೆದ ಮಣ್ಣನ್ನು ಕೆರೆಯ ಒಳಗೇ ಸುತ್ತ ಹಾಕಿ ವಾಕಿಂಗ್ ದಾರಿ ಮಾಡಿದರು. (ದಿನಾ ಗದ್ದೆಗೆ ನಡೆಯೋ ಊರಿಗೆ ವಾಕಿಂಗ್ ದಾರಿ!) ನೀರು ಜಾಸ್ತಿ ನಿಲ್ಲಲಿ ಅಂತ ಕೋಡಿಗೆ ಒಂದೂವರೆ ಅಡಿ ಕಾಂಕ್ರೀಟು. ನೀರು ಬಿಡುವ ಕೆಲಸ ಮಾಡಿ ಮುದುಕನಾದ ನಮ್ಮೂರ ನೀರಗಂಟಿ "ಕೋಡಿ ಏರಿಸ್ಬ್ಯಾಡಿ ಸ್ವಾಮಿ, ಮ್ಯಾಲಿನ ಗದ್ದೆ ಮುಳುಗ್ತದೆ" ಅಂತ ಕೈ ಮುಗಿದ. ಎಸ್ಟಿಮೇಟ್ ಹಿಡಿದು ನಿಂತಿದ್ದ ಎಂಜಿನಿಯರ್ ನನಗಿಂತ ನಾಲ್ಕೈದು ವರ್ಷ ದೊಡ್ಡವನಿರಬಹುದು. ಮೊಬೈಲ್ ನೋಡ್ಕೊಂಡು, "ಡ್ರಾಯಿಂಗ್ ಹಾಗೇ ಇದೆ ಅಜ್ಜ" ಅಂದ.

ಆ ಮಳೆಗಾಲ ಹಿನ್ನೀರು ದೊಡ್ಡಪ್ಪನ ಗದ್ದೆಗೆ ನುಗ್ಗಿ ನಾಟಿ ಕೊಳೆಯಿತು. ಕೆಳಗಿನ ಕೆರೆಗೆ ಗಣೇಶನ ಹಬ್ಬ ಕಳೆದರೂ ನೀರು ಬರಲಿಲ್ಲ. ದಡ ಕಡಿದಾಗಿ ದನಗಳು ನೀರಿಗೆ ಇಳಿಯಲ್ಲ. ಕ್ರಿಕೆಟ್ ಅಂತೂ ಮುಗೀತು.

ಆ ಎಂಜಿನಿಯರ್ ಕೆಟ್ಟವನು ಅಂತ ನನಗೆ ಅನ್ನಿಸಲ್ಲ. ಅವನೂ ನಮ್ಮಂಥದ್ದೇ ಕಾಲೇಜಿನಲ್ಲಿ, ನಮ್ಮದೇ ಸಿಲಬಸ್ ಓದಿದವನು. ಅವನ ಡ್ರಾಯಿಂಗ್‌ನಲ್ಲಿ ಕೆರೆ ಒಂದೇ ಇತ್ತು. ಮೇಲಿನ ಗದ್ದೆ, ಕೆಳಗಿನ ಕೆರೆ ಹಾಳೆಯ ಆಚೆ ಇದ್ದವು. ಕೂರ್ ಮತ್ತು ಕ್ರೆನ್‌ಶಾ ಹಾಗೆ ತಿಂಗಳುಗಟ್ಟಲೆ ಬೇಡ, ಒಂದು ದಿನ ನೀರಗಂಟಿ ಜೊತೆ ಏರಿ ಮೇಲೆ ನಡೆದಿದ್ದರೂ ಸಾಕಿತ್ತು. ಇನ್ನು ನಾಲ್ಕೈದು ವರ್ಷಕ್ಕೆ ಆ ಜಾಗದಲ್ಲಿ ನಮ್ಮಲ್ಲೇ ಯಾರೋ ನಿಂತಿರ್ತೀವಿ.

ನಾನು ಮಿನಿ ಪ್ರಾಜೆಕ್ಟ್‌ಗೆ ಇದನ್ನೇ ಆರಿಸಿದ್ದೀನಿ. ನಮ್ಮೂರಿನದೂ ಸೇರಿ ಒಂದೇ ಸಾಲಿನ ನಾಲ್ಕು ಕೆರೆಗಳ ಏರಿ, ತೂಬು, ಕೋಡಿಯ ಮಟ್ಟ ತೆಗೆದು ಒಂದೇ ಹಾಳೆಯಲ್ಲಿ ಕೂರಿಸೋದು. ಆ ಒಂದೂವರೆ ಅಡಿ ಎಷ್ಟು ದೂರ ಹಿನ್ನೀರು ತಳ್ಳುತ್ತೆ ಅಂತ ಲೆಕ್ಕ ಹಾಕಿ ಪಂಚಾಯಿತಿಗೆ ಕೊಡೋದು. ಆಟೋ ಲೆವೆಲ್ ಲ್ಯಾಬಿನಿಂದ ಸಿಗುತ್ತೆ. ಸ್ಟಾಫ್ ಹಿಡಿಯೋಕೆ ಶಿಕಾರಿಪುರದವನು ಒಪ್ಪಿದ್ದಾನೆ. ಬೆಂಗಳೂರಿನವನು ಈಗಲೂ ಶ್ಯಾಡೋ ಕ್ರೀಕೇ ಅಂತಾನೆ, ಆದರೂ ಡ್ರೋನ್ ಎಲ್ಲಿಂದಾದರೂ ತರ್ತೀನಿ ಅಂದಿದ್ದಾನೆ. ಇನ್ನಿಬ್ಬರು ಬೇಕು. ಏಪ್ರಿಲ್ ಬಿಸಿಲು ತಡೆಯೋ ಹಾಗಿದ್ದರೆ ಸಿವಿಲ್ ಬ್ಲಾಕಿನ ಸರ್ವೇ ಲ್ಯಾಬ್ ಹತ್ತಿರ ಸಿಗಿ. ಊಟ ದೊಡ್ಡಪ್ಪನ ಮನೆಯಲ್ಲಿ.